ನಾಲ್ಕೇ ಇದೆ ಎಂದಿದ್ದೆ

ಮಾರ್ಚ್ ೯, ಶನಿವಾರ
ಬೆಳಿಗ್ಗೆ ಹತ್ತು ಗಂಟೆ

ಪ್ರೀತಿಯ ತಮ್ಮನಿಗೆ,

ನಿನಗೂ ನಿನ್ನ ಹೆಂಡತಿಗೂ ಪುಟ್ಟಿಗೂ ನನ್ನ ಆಶೀರ್ವಾದ. ನಾನು ಚೆನ್ನಾಗಿದ್ದೇನೆ. ಮಂಡಿ ನೋವೊಂದು ಬಿಟ್ಟರೆ ಹೇಳಿಕೊಳ್ಳುವಂಥದ್ದೇನೂ ಇಲ್ಲ. ನೀವೆಲ್ಲ ಸುಖವಾಗಿದ್ದೀರಿ ಎಂದುಕೊಂಡಿದ್ದೇನೆ. ಪತ್ರ ತಡವಾಯಿತು, ಮನ್ನಿಸು. ತಡ ಎಂಬ ಮಾತಿಗೆ ನೀನು ನಗಬಹುದು. ಅಮ್ಮ ಹೋದಾಗ ನೀನು ಬಂದು ಮೂರು ದಿನ ಇದ್ದೆ. ಆ ಮೂರು ದಿನದಲ್ಲಿ ನಾವಿಬ್ಬರೂ ಆಡಿದ್ದು ಹತ್ತು ಮಾತಿದ್ದರೆ ಹೆಚ್ಚು, ಅದರಲ್ಲೂ ಆರು ಮಾತು ಬೀಗದ ಕೈ ಎಲ್ಲಿದೆ, ನೀರು ಕಾದಿದೆಯಾ ಎನ್ನುವಂಥವು. ಅದಾಗಿ ಮೂರು ವರ್ಷ. ನೀನು ವೀಕ್ಷಣಾಲಯ ಬಿಟ್ಟು ಏಳು ವರ್ಷ. ಇಷ್ಟು ದೊಡ್ಡ ತಡಕ್ಕೆ ಸರಿಹೊಂದುವ ನೆಪ ಯಾವುದೂ ನನ್ನ ಹತ್ತಿರ ಇಲ್ಲ.

ಲಕೋಟೆ ದಪ್ಪಗಿರುವುದನ್ನು ನೋಡಿ, ಅಕ್ಕ ಯಾವುದೋ ಮನೆಪತ್ರಕ್ಕೆ ಸಹಿ ಕೇಳುತ್ತಿದ್ದಾಳೆ ಎಂದು ಅನುಮಾನ ಪಡಬೇಡ. ಅನುಮಾನ ನಿನ್ನ ಇಲಾಖೆಯಲ್ಲ, ನನ್ನದು. ಒಳಗೆ ಇನ್ನೆರಡು ಕಾಗದಗಳಿವೆ. ಒಂದು ನಾನು ಬರೆದಿಟ್ಟ ಹೇಳಿಕೆ, ಇನ್ನೊಂದು ಒಂದು ಅಳತೆಯ ಪಟ್ಟಿ. ಅವನ್ನು ಆಮೇಲೆ ನೋಡುವೆಯಂತೆ, ಮೊದಲು ಇದನ್ನು ಓದು.

ಸುತ್ತಿ ಬಳಸುವುದಿಲ್ಲ. ಆ ದಿನ ಸಮಿತಿಯ ಮುಂದೆ ನೀನು ಸುಳ್ಳು ಹೇಳಿರಲಿಲ್ಲ. ಆ ಹನ್ನೊಂದು ಫೈಲುಗಳಲ್ಲಿ ಐದನೆಯ ಭಾಗ ಇತ್ತು. ಈಗಲೂ ಇದೆ. ಕಳೆದ ತಿಂಗಳು ನಾನೇ ಕಣ್ಣಾರೆ ನೋಡಿದೆ.

ಇದನ್ನು ಓದಿ ನೀನು ಪತ್ರವನ್ನು ಮಡಚಿ ಎದ್ದು ಹೋಗಿರಬಹುದು. ಹೋಗಿದ್ದರೆ ತಪ್ಪಿಲ್ಲ, ವಾಪಸು ಬಂದ ಮೇಲೆ ಓದು. ನಿನ್ನ ಹೆಂಡತಿಯೂ ಓದಬೇಕು. ಮದುವೆಯಾದ ಎರಡನೆಯ ವರ್ಷಕ್ಕೇ ಗಂಡನನ್ನು ಲೆಕ್ಕ ತಿದ್ದಿದವನು ಎಂದು ಊರೆಲ್ಲ ಅಂದದ್ದನ್ನು ಕೇಳಿಸಿಕೊಂಡವಳು ಅವಳು. ಅವಳಿಗೆ ಅರ್ಥವಾಗಲಿ ಎಂದೇ ನಿನಗೆ ಗೊತ್ತಿರುವುದನ್ನೂ ಬಿಡಿಸಿ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡ.

ನೋಡಮ್ಮ, ನಮ್ಮಲ್ಲಿ ಸೂರ್ಯನ ಒಂದು ದಿನ ಎಂದರೆ ಒಂದು ಫೈಲು. ಫೈಲು ಒಂದೇ ಆದರೂ ಒಳಗೆ ಬೀರುವಿನ ಖಾನೆಗಳ ಹಾಗೆ ಭಾಗಗಳಿರುತ್ತವೆ. ಮೊದಲನೆಯದರಲ್ಲಿ ಕ್ಯಾಮೆರಾ ಕಂಡದ್ದು ಕಂಡ ಹಾಗೆ, ಅದು ಕಚ್ಚಾ ಚಿತ್ರ. ಎರಡನೆಯದರಲ್ಲಿ ಮುಚ್ಚಳ ಹಾಕಿ ತೆಗೆದ ಕತ್ತಲೆ ಚಿತ್ರ. ಬೆಳಕೇ ಇಲ್ಲದಿದ್ದರೂ ಕ್ಯಾಮೆರಾ ತನ್ನಷ್ಟಕ್ಕೆ ಏನೋ ಗೊಣಗುತ್ತಿರುತ್ತದೆ, ಆ ಗೊಣಗಾಟ ಎಷ್ಟು ಎಂದು ತಿಳಿಯಲು ಅದು ಬೇಕು. ಮೂರನೆಯದು ಕಚ್ಚಾ ಚಿತ್ರದಿಂದ ಕತ್ತಲೆ ಚಿತ್ರವನ್ನು ಕಳೆದರೆ ಉಳಿಯುವ ತಿದ್ದಿದ ಚಿತ್ರ. ನಾಲ್ಕನೆಯದು ಸಮಯ, ಶಾಖ, ಮೋಡ ಎಲ್ಲ ಬರೆದಿಟ್ಟ ಪಟ್ಟಿ. ಒಂದೊಂದು ಭಾಗದ ಮುಂದೆಯೂ ಒಳಗೇನಿದೆ, ಎಷ್ಟಿದೆ ಎಂದು ಹೇಳುವ ಚೀಟಿ. ಈ ಫೈಲುಗಳನ್ನು ಓದಿ, ಎಲ್ಲರೂ ಬಳಸಲು ಪ್ರತಿ ಬರೆದಿಡುವ ಪ್ರೋಗ್ರಾಂ ನಾನು ಬರೆದದ್ದು. ನಾನಿಲ್ಲಿಗೆ ಸೇರಿದ ಹೊಸದರಲ್ಲಿ, ಭಾರೀ ಹುಮ್ಮಸ್ಸಿನಲ್ಲಿ ಬರೆದದ್ದು.

ನಿನ್ನ ಗಂಡ ಆ ವರ್ಷ ಹನ್ನೊಂದು ದಿನ ಸೂರ್ಯನ ಒಂದು ಕಲೆಯ ಅಂಚಿನಲ್ಲಿ ಸಣ್ಣ ಮಿಣುಕೊಂದನ್ನು ಕಂಡ. ಸೂರ್ಯನಲ್ಲಿ ಸ್ಫೋಟವಾಗುವುದಕ್ಕೆ ಎರಡು ಗಂಟೆ ಮುಂಚೆ ಅದು ಕಾಣಿಸಿಕೊಳ್ಳುತ್ತದೆ ಎಂದು ಲೇಖನ ಬರೆದ. ನಿಜವಾಗಿದ್ದರೆ ದೊಡ್ಡ ವಿಷಯ. ಹೊರಗಿನವರು ಯಾರೋ ಅನುಮಾನ ಎತ್ತಿದರು, ಸಮಿತಿ ಕೂತಿತು. ಕಚ್ಚಾದಿಂದ ಕತ್ತಲೆ ಕಳೆದರೆ ತಿದ್ದಿದ ಚಿತ್ರ ಬರುತ್ತದೆಯೋ ನೋಡಿ ಎಂದು ನನಗೆ ಹೇಳಿದರು. ನೋಡಿದೆ. ಉಳಿದ ದಿನಗಳಲ್ಲೆಲ್ಲ ಬಂತು, ಆ ಹನ್ನೊಂದು ದಿನ ಬರಲಿಲ್ಲ. ವ್ಯತ್ಯಾಸ ಸಣ್ಣದು, ಆದರೆ ಮಿಣುಕು ಇದ್ದ ಮೂಲೆಯಲ್ಲೇ ಹೆಚ್ಚು. ಯಾರೋ ಕೈಯಾರೆ ಬೆಳಗಿಸಿದ ಹಾಗೆ ಕಾಣುತ್ತಿತ್ತು.

ಆ ಕೋಣೆ ನಿನಗೆ ನೆನಪಿರುತ್ತದೆ ತಮ್ಮ. ಉದ್ದ ಮೇಜು, ಒಂದು ಕಡೆ ಹರಿದ ಪರದೆ, ಗೋಡೆಗೆ ಚಿತ್ರ ಬಿಡುವ ಯಂತ್ರದ ಗೊರಗೊರ. ನೀನು ತಾಳ್ಮೆಯಿಂದಲೇ ಹೇಳಿದೆ. ಆ ದಿನಗಳಲ್ಲಿ ಕ್ಯಾಮೆರಾವನ್ನು ತಂಪಾಗಿಡುವ ಯಂತ್ರ ಕೈಕೊಟ್ಟಿತ್ತು, ಮಧ್ಯಾಹ್ನದ ಹೊತ್ತಿಗೆ ಕ್ಯಾಮೆರಾ ಕಾದು ಗೊಣಗಾಟ ಹೆಚ್ಚಾಗುತ್ತಿತ್ತು, ಬೆಳಗಿನ ಕತ್ತಲೆ ಚಿತ್ರವೊಂದನ್ನೇ ನಂಬಬಾರದು ಎಂದು ಮಧ್ಯಾಹ್ನ ಇನ್ನೊಂದು ತೆಗೆದು ಎರಡರ ಸರಾಸರಿಯನ್ನು ಕಳೆದಿದ್ದೇನೆ, ಆ ಇನ್ನೊಂದು ಚಿತ್ರ ಅದೇ ಫೈಲಿನ ಕೊನೆಗೆ ಐದನೆಯ ಭಾಗವಾಗಿ ಇದೆ, ತೆರೆದು ನೋಡಿ ಎಂದೆ. ಸಮಿತಿಯ ಮೂವರೂ ನನ್ನ ಕಡೆ ತಿರುಗಿದರು. ನಾನು ಎಲ್ಲರ ಎದುರಿಗೇ ಫೈಲು ತೆರೆದೆ. ಗೋಡೆಯ ಮೇಲೆ ನಾಲ್ಕು ಸಾಲು ಮೂಡಿತು.

“ನಾಲ್ಕೇ ಇದೆ,” ಎಂದೆ ನಾನು.

“ಸರಿಯಾಗಿ ನೋಡು ಅಕ್ಕ,” ಎಂದೆ ನೀನು.

ಕಚೇರಿಯಲ್ಲಿ ಅಷ್ಟು ವರ್ಷ ಮೇಡಂ ಎಂದೇ ಕರೆದವನು ಆ ಹೊತ್ತು ಅಕ್ಕ ಎಂದೆ. ಅದೇ ನನಗೆ ಚುಚ್ಚಿತು. ನಂಟಿನ ನೆಪದಲ್ಲಿ ನನ್ನಿಂದ ಏನೋ ಮಾಡಿಸಿಕೊಳ್ಳಲು ನೋಡುತ್ತಿದ್ದಾನೆ ಎನಿಸಿತು. ಅಲ್ಲಿದ್ದವರೆಲ್ಲ ನನ್ನ ಮುಖ ನೋಡುತ್ತಿದ್ದರು, ಅಕ್ಕ ತಮ್ಮನ ತಪ್ಪನ್ನು ಮುಚ್ಚಿ ಹಾಕುತ್ತಾಳೋ ಎಂದು. ಅದಕ್ಕೇ ಬೇಕೆಂದೇ ಇನ್ನಷ್ಟು ಗಟ್ಟಿಯಾಗಿ, ನೋಡಿಯೇ ಹೇಳುತ್ತಿದ್ದೇನೆ ಎಂದೆ. ಪರರ ಮಗನಾಗಿದ್ದರೆ ಒಂದು ಸಲ ಮೂಲ ಪ್ರತಿ ತರಿಸಿ ನೋಡೋಣ ಎನ್ನುತ್ತಿದ್ದೆನೇನೋ. ನೀನು ನನ್ನ ತಮ್ಮನಾದದ್ದರಿಂದ ಆ ಮಾತು ಬಾಯಿಗೆ ಬರಲಿಲ್ಲ.

ಇನ್ನೂ ಒಂದು ಇದೆ, ಹೇಳಿಬಿಡುತ್ತೇನೆ. ನೀನು ಆರನೆಯ ತರಗತಿಯಲ್ಲಿ ಅಂಕಪಟ್ಟಿಯಲ್ಲಿ ಮೂರನ್ನು ಎಂಟು ಮಾಡಿಕೊಂಡು ಬಂದಿದ್ದೆ, ಕಂಡುಹಿಡಿದವಳು ನಾನು. ಆಮೇಲೆ ನೀನು ಜನ್ಮದಲ್ಲಿ ಇನ್ನೊಂದು ಸುಳ್ಳು ಹೇಳಿದ್ದು ನಾನು ಕಂಡಿಲ್ಲ. ಆದರೂ ಅಂದು ಆ ಕೋಣೆಯಲ್ಲಿ, ನಲವತ್ತರ ಹತ್ತಿರ ಬಂದ ನಿನ್ನ ಮುಖದಲ್ಲಿ ನಾನು ಆ ಅಂಕಪಟ್ಟಿಯನ್ನೇ ನೋಡುತ್ತಿದ್ದೆ. ಹತ್ತು ವರ್ಷದ ಹುಡುಗನ ಕಿಡಿಗೇಡಿತನವನ್ನು ಮೂವತ್ತು ವರ್ಷ ಜೋಪಾನ ಮಾಡಿಟ್ಟುಕೊಂಡವಳು ನಾನು.

ಈಗ ಕಳೆದ ತಿಂಗಳಿನ ವಿಷಯ. ಫೈಲುಗಳನ್ನಿಡುವ ಹೊಸ ಯಂತ್ರ ಬಂದಿದೆ. ಅದನ್ನು ನೋಡಿಕೊಳ್ಳಲು ಬೇರೆ ಸಂಸ್ಥೆಯಿಂದ ಒಬ್ಬಾಕೆಯನ್ನು ಕಳಿಸಿದ್ದಾರೆ. ನಲವತ್ತು ದಾಟಿದವಳು, ಮಾತು ಕಡಿಮೆ, ಯಾವುದನ್ನೂ ಅಳೆಯದೆ ಒಪ್ಪುವವಳಲ್ಲ. ಬಂದ ವಾರದಲ್ಲೇ ನಾವೆಲ್ಲ ಬೆನ್ನ ಹಿಂದೆ ಅವಳಿಗೆ ಇಂಚುಪಟ್ಟಿ ಎಂದು ಹೆಸರಿಟ್ಟೆವು. ಅವಳಿಗೂ ಗೊತ್ತಿದೆ, ಹಾಗೆ ಕರೆದರೆ ಓಗೊಡುತ್ತಾಳೆ. ನನಗಂತೂ ಮೊದಲ ದಿನದಿಂದಲೇ ಅವಳ ಮೇಲೆ ಕಣ್ಣು. ನನ್ನ ಕೆಲಸದಲ್ಲಿ ಹುಳುಕು ಹುಡುಕಲೆಂದೇ ಕಳಿಸಿದ್ದಾರೆ ಎಂದುಕೊಂಡು, ಅವಳು ಮೇಜು ಬಿಟ್ಟು ಎದ್ದಾಗಲೆಲ್ಲ ಅವಳ ಪರದೆಯ ಮೇಲೆ ಏನಿದೆ ಎಂದು ಇಣುಕುತ್ತಿದ್ದೆ.

ನಮ್ಮಲ್ಲಿ ಪ್ರತಿ ಫೈಲಿಗೂ ಎರಡು ರೂಪ. ವೀಕ್ಷಕ ದಿನದ ಕೊನೆಗೆ ಒಪ್ಪಿಸಿದ್ದು ಒಪ್ಪಿಸಿದ ಹಾಗೆಯೇ ಡಿಸ್ಕಿಗೆ ಹೋಗಿ ಕಬ್ಬಿಣದ ಬೀರುವಿನಲ್ಲಿ ಮೊಹರಾಗಿ ಕೂರುತ್ತದೆ, ಅದು ಮೂಲ. ಯಾರೂ ಅದನ್ನು ಮುಟ್ಟುವುದಿಲ್ಲ. ನನ್ನ ಪ್ರೋಗ್ರಾಂ ಬರೆದಿಟ್ಟದ್ದು ಪ್ರತಿ. ಓದುವುದು, ತೋರಿಸುವುದು, ಸಮಿತಿಗೆ ಕೊಡುವುದು ಎಲ್ಲ ಅದನ್ನೇ. ಹೊಸ ಯಂತ್ರಕ್ಕೆ ಎರಡನ್ನೂ ಸಾಗಿಸಬೇಕಿತ್ತು. ನಾನೂ ದೊಡ್ಡವರೂ, ನಿರ್ದೇಶಕರನ್ನು ಈಗಲೂ ಹಾಗೆಯೇ ಕರೆಯುತ್ತೇವೆ, ಒಟ್ಟಿಗೆ ನಿಂತು ಮೊಹರು ಒಡೆದು ಡಿಸ್ಕುಗಳನ್ನು ಇಂಚುಪಟ್ಟಿಗೆ ಕೊಟ್ಟೆವು. ಮೂರು ದಿನವಾದ ಮೇಲೆ ಅವಳು ನನ್ನ ಮೇಜಿನ ಮುಂದೆ ಬಂದು ನಿಂತು ಒಂದು ಹಾಳೆ ಇಟ್ಟಳು.

“ಮೇಡಂ, ಈ ಹನ್ನೊಂದರಲ್ಲಿ ಮೂಲ ದೊಡ್ಡದಿದೆ, ನಿಮ್ಮ ಪ್ರತಿ ಚಿಕ್ಕದಿದೆ. ಹನ್ನೊಂದರಲ್ಲೂ ಅಷ್ಟೇ ಕಮ್ಮಿ, ಸರಿಯಾಗಿ ಒಂದು ಚಿತ್ರದಷ್ಟು.”

ತಾರೀಖುಗಳನ್ನು ನೋಡಿದೆ. ನಿನ್ನ ಆ ಹನ್ನೊಂದು ದಿನಗಳೇ. ಆದರೆ ನನ್ನ ಬುದ್ಧಿ ಎಲ್ಲಿಗೆ ಹೋಯಿತು ಕೇಳು. ತಮ್ಮ ಹೇಳಿದ್ದು ನಿಜವಿರಬಹುದು ಎಂದು ಹೋಗಲಿಲ್ಲ. ಇವಳೇ ಸಾಗಿಸುವಾಗ ಏನೋ ಎಡವಟ್ಟು ಮಾಡಿದ್ದಾಳೆ ಎಂದು ಹೋಯಿತು. ಕೇಬಲ್ ಬದಲಿಸಿ ಇನ್ನೊಮ್ಮೆ ಮಾಡಿ ಎಂದೆ. ಮಾಡಿದಳು, ಅದೇ ಬಂತು. ಡಿಸ್ಕ್ ಹಳೆಯದು, ಕೆಟ್ಟಿರಬೇಕು ಎಂದೆ. ಕೆಟ್ಟ ಡಿಸ್ಕ್ ಹನ್ನೊಂದು ಕಡೆ ಅಳೆದು ಒಂದೇ ಸಮ ಕೆಡುತ್ತದೆಯೇ ಎಂದು ಕೇಳಿದಳು. ಆ ಪ್ರಶ್ನೆಗೆ ನನಗೆ ಮೈಯೆಲ್ಲ ಉರಿಯಿತು.

ಆಮೇಲೆ ಅವಳು ತನ್ನ ಯಂತ್ರದಲ್ಲಿ, ನನ್ನ ಪ್ರೋಗ್ರಾಂ ಇಲ್ಲದೆ, ಬೇರೆ ಕಡೆಯವರು ಬಳಸುವ ಸಾಧಾರಣ ಓದುಗ ಪ್ರೋಗ್ರಾಂನಿಂದ ಒಂದು ಮೂಲ ಫೈಲು ತೆರೆದಳು. ಐದು ಸಾಲು ಬಂತು. ಐದನೆಯದರ ಚೀಟಿಯಲ್ಲಿ ‘ಕತ್ತಲೆ, ಎರಡನೆಯದು, ಮಧ್ಯಾಹ್ನ’ ಎಂದಿತ್ತು. ಕೆಳಗೆ ಶಾಖ ಬರೆದಿತ್ತು, ಬೆಳಗಿಗಿಂತ ಹನ್ನೊಂದು ಡಿಗ್ರಿ ಹೆಚ್ಚು.

ತಮ್ಮ, ಆ ಐದನೆಯ ಸಾಲು ನೋಡಿದಾಗ ನನಗೆ ಮೊದಲು ಬಂದ ಯೋಚನೆಯನ್ನು ಬರೆಯಲು ಕೈ ಹಿಂಜರಿಯುತ್ತದೆ. ನಿನ್ನ ಮೇಲೆ ಬಂತು. ಮತ್ತೆ. ನೀನು ಕೆಲಸ ಬಿಟ್ಟ ಕೊನೆಯ ದಿನ ಗುರುತಿನ ಚೀಟಿ ಒಪ್ಪಿಸಲು ನಮ್ಮ ಕೋಣೆಗೆ ಬಂದಿದ್ದೆ. ನಾನು ಮುಖ ತಪ್ಪಿಸಲು ಹೊರಗೆ ಹೋಗಿದ್ದೆ, ಹತ್ತು ನಿಮಿಷ ನೀನೊಬ್ಬನೇ ಇದ್ದೆ. ಆ ಹತ್ತು ನಿಮಿಷದಲ್ಲಿ ಬೀರು ತೆರೆದು, ಮೂಲ ಫೈಲುಗಳಿಗೆ ಐದನೆಯ ಭಾಗ ತುರುಕಿ, ಎಂದಾದರೂ ಸಿಗಲಿ ಎಂದು ಇಟ್ಟು ಹೋದೆ ಎಂದುಕೊಂಡೆ. ಸುಮ್ಮನೆ ಅಂದುಕೊಂಡು ಬಿಡಲಿಲ್ಲ. ಕೆಳಗಿಳಿದು ಹೋಗಿ, ನಾವು ಒಡೆದು ಬಿಸಾಡಿದ ಮೊಹರಿನ ತುಂಡುಗಳನ್ನು ಕಸದ ಡಬ್ಬಿಯಿಂದ ಹುಡುಕಿ ತೆಗೆದೆ. ಕೆಲಸದಾಕೆ, “ಏನಾದ್ರೂ ಕಳ್ಕೊಂಡ್ರಾ ಮೇಡಂ,” ಎಂದು ತಾನೂ ಬಗ್ಗಿದಳು. ಪೆನ್ನಿನ ಮುಚ್ಚಳ ಎಂದೆ. ತುಂಡುಗಳನ್ನು ಜೋಡಿಸಿ, ಮೇಲಿದ್ದ ಸಂಖ್ಯೆಯನ್ನು ರಿಜಿಸ್ಟರಿನ ಸಂಖ್ಯೆಯ ಪಕ್ಕ ಹಿಡಿದೆ. ಒಂದೇ. ಮೊಹರು ಹಾಕಿದ್ದು ಸಮಿತಿ ಕೂರುವುದಕ್ಕೆ ಎರಡು ತಿಂಗಳು ಮುಂಚೆ, ನನ್ನ ಸಹಿ, ದೊಡ್ಡವರ ಸಹಿ, ನಡುವೆ ಯಾರೂ ತೆಗೆದಿಲ್ಲ. ಆ ಡಿಸ್ಕನ್ನು ನೀನು ಮುಟ್ಟಲು ಸಾಧ್ಯವೇ ಇರಲಿಲ್ಲ.

ಉಳಿದದ್ದು ನಾನು. ನನ್ನ ಪ್ರೋಗ್ರಾಂ ತೆರೆದು ಮೇಲಿನಿಂದ ಒಂದೊಂದೇ ಸಾಲು ಓದುತ್ತ ಬಂದೆ. ನಡುವೆ ಒಂದು ಕಡೆ ಸಿಕ್ಕಿತು. ಫೈಲು ತೆರೆದ ಕೂಡಲೇ, ನಿನ್ನಲ್ಲಿ ಎಷ್ಟು ಭಾಗ ಇದೆ ಎಂದು ಫೈಲನ್ನೇ ಕೇಳಬೇಕು. ನಾನು ಕೇಳಿರಲಿಲ್ಲ. ನಾಲ್ಕು ಎಂದು ನಾನೇ ಬರೆದುಬಿಟ್ಟಿದ್ದೆ. ಬರೆದ ಕಾಲಕ್ಕೆ ಎಲ್ಲ ಫೈಲಿನಲ್ಲೂ ನಾಲ್ಕೇ ಇದ್ದದ್ದು, ಮುಂದೆಯೂ ಹಾಗೇ ಇರುತ್ತದೆ ಎಂಬ ಭಂಡ ಧೈರ್ಯ. ಓದುವಾಗ ನಾಲ್ಕು ಓದಿತು, ಬರೆಯುವಾಗ ನಾಲ್ಕು ಬರೆಯಿತು, ಐದನೆಯದನ್ನು ಚಕಾರ ಎತ್ತದೆ ಕೈಬಿಟ್ಟಿತು. ಒಂದು ಎಚ್ಚರಿಕೆಯ ಮಾತೂ ಹೇಳಲಿಲ್ಲ, ಏಕೆಂದರೆ ಹೇಳು ಎಂದು ನಾನು ಅದಕ್ಕೆ ಕಲಿಸಿರಲಿಲ್ಲ. ನೀನು ಎಲ್ಲರ ಎದುರು ಐದನೆಯದನ್ನು ನೋಡಿ ಎಂದು ಅಂಗಲಾಚುವಾಗ ನಾನು ತೆರೆದು ತೋರಿಸಿದ್ದು ನಾನೇ ಕತ್ತರಿಸಿದ ಫೈಲನ್ನು.

ತಿದ್ದಲು ಮೂರು ನಿಮಿಷ ಹಿಡಿಯಿತು. ಹೊಸದಾಗಿ ಓದಿಸಿ, ಎರಡು ಕತ್ತಲೆಗಳ ಸರಾಸರಿ ತೆಗೆದು, ಕಚ್ಚಾದಿಂದ ಕಳೆದು, ನಿನ್ನ ತಿದ್ದಿದ ಚಿತ್ರದ ಜೊತೆ ಹೋಲಿಸಿದೆ. ಸೊನ್ನೆ. ಇನ್ನೊಂದು ದಿನದ್ದು, ಸೊನ್ನೆ. ಹನ್ನೊಂದಕ್ಕೆ ಹನ್ನೊಂದೂ ಸೊನ್ನೆ, ಒಂದು ಚುಕ್ಕಿಯಲ್ಲೂ ವ್ಯತ್ಯಾಸ ಇಲ್ಲ. ಇಂಚುಪಟ್ಟಿ ಪಕ್ಕದಲ್ಲೇ ನಿಂತಿದ್ದಳು. ಆ ತಾರೀಖುಗಳ ಕಥೆ ಅವಳಿಗೆ ಗೊತ್ತಿರಲಿಲ್ಲ, ನಾನು ಹೇಳಿದೆ. ಕೇಳಿ, “ಮೊದ್ಲು ಅವರಿಗೆ ಬರೀರಿ ಮೇಡಂ, ಮಿಕ್ಕಿದ್ದು ಆಮೇಲೆ,” ಎಂದಳು.

ಮಿಣುಕೂ ಹಾಗೇ ಉಳಿದಿದೆ ತಮ್ಮ. ಮೊನ್ನೆ ಇನ್ನೊಮ್ಮೆ ದೊಡ್ಡದು ಮಾಡಿ ನೋಡಿದೆ. ಕಲೆಯ ಅಂಚಿನಲ್ಲಿ, ನೀನು ಬರೆದಿದ್ದ ಜಾಗದಲ್ಲೇ, ನೀನು ಬರೆದಷ್ಟೇ ಪ್ರಕಾಶ. ಅಮ್ಮ ಇರುವಾಗಲೇ ಇದು ಬೆಳಕಿಗೆ ಬಂದಿದ್ದರೆ ಎಂದು ಕೂತು ಅತ್ತೆ.

ಮಾರ್ಚ್ ೧೧, ಸೋಮವಾರ

ಶನಿವಾರ ಇಲ್ಲಿಗೆ ನಿಲ್ಲಿಸಿದ್ದೆ. ಇವತ್ತು ಬೆಳಿಗ್ಗೆ ದೊಡ್ಡವರ ಕೋಣೆಗೆ ಹೋಗಿ ಹೇಳಿಕೆಯ ಒಂದು ಪ್ರತಿ ಕೊಟ್ಟು ಬಂದೆ. ಅವರು ಓದಿ ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು, ಮತ್ತೆ ಓದಿದರು. ಹಳೆಯದನ್ನೆಲ್ಲ ಈಗ ಯಾಕೆ ಕೆದಕುತ್ತೀರಿ, ಇನ್ನು ಮೂರು ತಿಂಗಳಿಗೆ ನಿವೃತ್ತಿ, ಹಾರ ಹಾಕಿಸಿಕೊಂಡು ಗೌರವದಿಂದ ಮನೆಗೆ ಹೋಗಬಾರದೇ ಎಂದರು. ಗೌರವ ಯಾರದ್ದು ಸರ್ ಎಂದು ಕೇಳಿದೆ. ಅದಕ್ಕವರು ಕಾಗದವನ್ನು ಮಡಚಿ ಪಕ್ಕಕ್ಕಿಟ್ಟರು. ನನಗೆ ಅವರ ಮೇಲೂ ಅನುಮಾನವಿದೆ, ಕಾಗದವನ್ನು ಮೇಜಿನ ಕೆಳಗಿನ ಖಾನೆಗೆ ಸೇರಿಸಿಬಿಡುತ್ತಾರೆ ಎಂದು. ಅದಕ್ಕೇ ಅಲ್ಲಿಂದ ನೇರವಾಗಿ ಅಂಚೆ ಕಚೇರಿಗೆ ಹೋಗಿ, ಇನ್ನೊಂದನ್ನು ಮೇಲಿನ ಮಂಡಳಿಗೆ ರಿಜಿಸ್ಟರ್ಡ್ ಅಂಚೆಯಲ್ಲಿ ಹಾಕಿದೆ. ಮೂರನೆಯದು ನಿನ್ನ ಕೈಯಲ್ಲಿದೆ.

ಅದರಲ್ಲಿ ಬರೆದದ್ದು ಇಷ್ಟೇ. ಆ ಹನ್ನೊಂದು ಫೈಲುಗಳನ್ನು ಯಾರೂ ತಿದ್ದಿಲ್ಲ. ತಪ್ಪು ಪ್ರತಿ ಬರೆಯುವ ಪ್ರೋಗ್ರಾಂನದು, ಅದನ್ನು ಬರೆದವಳು ನಾನು. ಸಮಿತಿಯ ಮುಂದೆ ತಪ್ಪು ಸಾಕ್ಷಿ ಹೇಳಿದವಳೂ ನಾನು. ವೀಕ್ಷಕನ ಹೆಸರನ್ನು ಮತ್ತೆ ಶುದ್ಧ ಎಂದು ದಾಖಲಿಸಬೇಕು, ಹಿಂದಕ್ಕೆ ಪಡೆದ ಅವನ ಲೇಖನವನ್ನು ಮತ್ತೆ ಪ್ರಕಟಿಸಬೇಕು. ಯಾರು ಕರೆದರೂ ಬಂದು ಇದನ್ನೇ ಹೇಳುತ್ತೇನೆ. ನೀನು ಬೇಡ ಎಂದರೂ ಹೇಳುತ್ತೇನೆ.

ನೀನು ಕ್ಯಾಮೆರಾ, ದುರ್ಬೀನು ರಿಪೇರಿ ಅಂಗಡಿ ಇಟ್ಟ ಮೇಲೆ ನಿನ್ನ ಕೈಗುಣ ಚೆನ್ನಾಗಿದೆ ಎಂದು ಇಲ್ಲಿಯವರೆಗೂ ಸುದ್ದಿ ಬಂದಿದೆ. ಅಲ್ಲಿ ನೀನು ಒಡೆದ ಗಾಜನ್ನು ಕಣ್ಣಿಗೆ ಹಿಡಿದು ಕೂತಿರುತ್ತೀಯ. ಸೂರ್ಯನನ್ನು ನೋಡಲೆಂದೇ ಹುಟ್ಟಿದ್ದ ಕಣ್ಣು ಅದು. ಇಲ್ಲಿಗೆ ವಾಪಸು ಬಾ ಎಂದು ಕರೆಯುವ ಮುಖ ನನಗಿಲ್ಲ, ಕರೆಯುವ ಅಧಿಕಾರವೂ ಇಲ್ಲ. ಮಂಡಳಿಯವರು ಕರೆದರೆ ಮಾತ್ರ, ನನ್ನ ಮೇಲಿನ ಸಿಟ್ಟಿಗೆ ಇಲ್ಲ ಎನ್ನಬೇಡ. ಜೂನ್ ಕಳೆದ ಮೇಲೆ ನಾನು ಅಲ್ಲಿರುವುದಿಲ್ಲ, ನನ್ನ ಮುಖ ನೋಡುವ ಕಷ್ಟ ನಿನಗಿಲ್ಲ.

ಪುಟ್ಟಿ ಎಷ್ಟು ಎತ್ತರವಾಗಿದ್ದಾಳೆ? ಅತ್ತೆ ಎಂದರೆ ಯಾರು ಎಂದು ಅವಳಿಗೆ ಹೇಳಿದ್ದೀಯೋ ಇಲ್ಲವೋ. ಅವಳ ಅಂಕಪಟ್ಟಿಯಲ್ಲಿ ಎಂದಾದರೂ ಮೂರು ಎಂಟಾಗಿದ್ದರೆ ಬೈದು ಅಲ್ಲಿಗೇ ಮರೆತುಬಿಡು. ನಿನ್ನ ಹೆಂಡತಿಗೆ ನನ್ನ ಪರವಾಗಿ ಏನು ಹೇಳಬೇಕು ಎಂದು ತೋಚುತ್ತಿಲ್ಲ, ಈ ಪತ್ರವನ್ನು ಅವಳ ಕೈಗೆ ಕೊಟ್ಟರೆ ಸಾಕು. ಮೂವರೂ ನೂರು ಕಾಲ ನೆಮ್ಮದಿಯಿಂದ ಬಾಳಿ. ನಿನ್ನ ಹೆಸರು ಮೊದಲಿನಂತಾಗಲಿ. ಇಷ್ಟು ಹರಸುವ ಹಕ್ಕಾದರೂ ಅಕ್ಕನಿಗೆ ಇರಲಿ.

ನಿನ್ನ
ಅಕ್ಕ

ಮರೆತ ಮಾತು:

ಮರೆತದ್ದಲ್ಲ. ಮೇಲೆಲ್ಲೂ ಬರೆಯಲು ಧೈರ್ಯ ಬರಲಿಲ್ಲ.

ಜೊತೆಗಿಟ್ಟ ಅಳತೆಯ ಪಟ್ಟಿ ಇಂಚುಪಟ್ಟಿ ನನ್ನ ಮೇಜಿನ ಮೇಲೆ ಇಟ್ಟ ಅದೇ ಹಾಳೆ. ಅದರ ಮೇಲಿನ ಮೂಲೆಯಲ್ಲಿ ಅಚ್ಚಾಗಿರುವ ದಿನಾಂಕ ನೋಡು. ಅದು ಕಳೆದ ತಿಂಗಳಿನದ್ದಲ್ಲ, ನಾಲ್ಕು ವರ್ಷ ಹಿಂದಿನದು. ಆ ಮೂಲೆಯನ್ನು ಕತ್ತರಿಸಿ ಕಳಿಸೋಣ ಎಂದು ಕತ್ತರಿ ಕೈಗೆ ತೆಗೆದುಕೊಂಡಿದ್ದೆ. ನಿನ್ನ ಫೈಲನ್ನು ಕತ್ತರಿಸಿದ್ದು ಗೊತ್ತಿಲ್ಲದೆ, ಇದನ್ನು ಗೊತ್ತಿದ್ದೂ ಕತ್ತರಿಸಿದಂತಾಗುತ್ತದೆ ಎಂದು ಕೆಳಗಿಟ್ಟೆ. ಕಸದ ಡಬ್ಬಿ, ಮೊಹರು, ಸೊನ್ನೆಗಳು ಎಲ್ಲವೂ ಬರೆದ ಹಾಗೆಯೇ ನಡೆದವು. ನಡೆದದ್ದು ನಾಲ್ಕು ವರ್ಷದ ಹಿಂದೆ.

ಪ್ರೋಗ್ರಾಂ ಆ ದಿನವೇ ತಿದ್ದಿದೆ, ಯಾರಿಗೂ ಹೇಳಲಿಲ್ಲ. ಇಡೀ ಸಂಗ್ರಹವೇ ನನ್ನ ಕೈಯಿಂದ ದಾಟಿ ಹೋದದ್ದು, ಈ ಒಂದು ತಪ್ಪು ಹೊರಬಿದ್ದರೆ ಉಳಿದದ್ದನ್ನೂ ಯಾರೂ ನಂಬುವುದಿಲ್ಲ ಎಂದು ಭಯವಾಯಿತು. ಇಂಚುಪಟ್ಟಿ ವಾರವಾದ ಮೇಲೆ, ತಮ್ಮನಿಗೆ ಬರೆದಿರಾ ಎಂದು ಕೇಳಿದಳು. ಬರೆದೆ ಎಂದೆ. ಇನ್ನೊಂದು ತಿಂಗಳಿಗೆ, ಉತ್ತರ ಬಂತಾ ಎಂದಳು. ಬಂತು, ಹಳೆಯದನ್ನು ಕೆದಕುವುದು ಬೇಡ, ನಿನಗೆ ಗೊತ್ತಾಯಿತಲ್ಲ ಅಷ್ಟೇ ಸಾಕು ಎಂದು ಬರೆದಿದ್ದಾನೆ ಎಂದೆ. ನಿನ್ನ ಹೆಸರಿನಲ್ಲಿ ನಾನೇ ನನ್ನನ್ನು ಕ್ಷಮಿಸಿಕೊಂಡೆ ತಮ್ಮ. ಅವಳು ನಂಬಿದಳು, ನಿಮ್ಮ ತಮ್ಮ ದೊಡ್ಡ ಮನುಷ್ಯ ಎಂದಳು. ಮುಂದಿನ ತಿಂಗಳು ಅವಳು ಕೆಲಸದ ಮೇಲೆ ನಿಮ್ಮ ಊರಿಗೆ ಬರುತ್ತಿದ್ದಾಳೆ. ಶುಕ್ರವಾರ ಹೇಳಿದಳು, ನಿಮ್ಮ ತಮ್ಮನ ಅಂಗಡಿ ಹುಡುಕಿಕೊಂಡು ಹೋಗಿ ಮಾತಾಡಿಸಿ ಬರ್ತೀನಿ ಎಂದು. ಶನಿವಾರ ಬೆಳಿಗ್ಗೆ ನಾನು ಬರೆಯಲು ಕೂತೆ. ಅವಳು ಹೊರಡದಿದ್ದರೆ ಈ ಪತ್ರ ಹುಟ್ಟುತ್ತಿತ್ತೋ ಇಲ್ಲವೋ, ನನ್ನ ಮೇಲೆ ನನಗೇ ಅನುಮಾನ.

ಅಮ್ಮ ಆಗ ಇದ್ದಳು. ನನಗೆ ಗೊತ್ತಾದ ಮೇಲೆ ಇನ್ನೂ ಒಂದು ವರ್ಷ ನನ್ನ ಮನೆಯಲ್ಲೇ, ಕಿಟಕಿಯ ಪಕ್ಕದ ಮಂಚದ ಮೇಲೆ ಇದ್ದಳು. ಅವನು ನಿಜವಾಗಲೂ ಹಾಗೆ ಮಾಡಿದನೇನೇ ಎಂದು ಆ ವರ್ಷ ನನ್ನನ್ನು ಎರಡು ಸಲ ಕೇಳಿದಳು. ನಿನ್ನನ್ನೇ ಕೇಳಿದ್ದಳಂತೆ, ನೀನು ಅಕ್ಕನನ್ನು ಕೇಳು ಅಮ್ಮ, ಫೈಲಿನಲ್ಲಿ ಏನಿದೆ ಎಂದು ಅವಳಿಗೇ ಗೊತ್ತು ಎಂದಿದ್ದೆಯಂತೆ. ಎರಡು ಸಲವೂ ಅವಳು ನನ್ನ ಕೈ ಹಿಡಿದುಕೊಂಡೇ ಕೇಳಿದಳು. ಎರಡು ಸಲವೂ ನಾನು, ನಾಲ್ಕೇ ಇತ್ತು ಅಮ್ಮ ಎಂದೆ.